ತೊಟ್ಟು ಮುರಿಯದ ಹೀರೇಕಾಯಿ

ಈ ಕಥೆ ಹೇಳುವ ಅಧಿಕಾರ ನನಗಿದೆಯೇ ಎಂಬ ಅನುಮಾನದಿಂದಲೇ ಶುರುಮಾಡುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ತಿಥಿಯ ಅಡುಗೆಯ ರುಚಿಯನ್ನು ಆಡಿಕೊಳ್ಳಬಾರದು ಎಂದು ತಿಳಿದವರು ಹೇಳುತ್ತಾರೆ. ಇಲ್ಲಿರುವುದೆಲ್ಲ ಅದೇ ಮಾತು, ಒಂದು ಬಾಣಲೆ ಪಲ್ಯದ ಮಾತು. ಇಷ್ಟಕ್ಕೆ ಕಥೆ ಎನ್ನಬಹುದೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೂ ಕಾಮಾಕ್ಷಿಯ ಆ ದಿನದ ಆಯಾಸವನ್ನು ಯಾರಾದರೊಬ್ಬರು ಹೇಳಬೇಕಿತ್ತು ಅನ್ನಿಸಿ ಧೈರ್ಯ ಮಾಡಿದ್ದೇನೆ.

ಕಾಮಾಕ್ಷಿಯ ಗಂಡ ಪಟ್ಟಾಭಿರಾಮ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ಮೈಸೂರು ಬಿಟ್ಟ ಮೇಲೆ ಅವಳು ಮೊದಲು ಸೂರತ್ತಿನಲ್ಲಿ, ಆಮೇಲೆ ಅಹಮದಾಬಾದಿನಲ್ಲಿ, ಈಗ ಬರೋಡಾದಲ್ಲಿ ಒಲೆ ಹೂಡಿದ್ದಳು. ಪ್ರತಿ ಸಲವೂ ಡಬ್ಬಿಗಳನ್ನು ಕಟ್ಟುವುದು, ಬಿಚ್ಚುವುದು, ಬಲಿತ ತೆಂಗಿನಕಾಯಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ವಿಚಾರಿಸುವುದು. ಅವಳ ಸೊಂಟಕ್ಕೆ ಆ ಊರುಗಳೆಲ್ಲ ಒಂದೇ ಊರಾಗಿಬಿಟ್ಟಿದ್ದವು.

ಅತ್ತೆ ರುಕ್ಮಿಣಮ್ಮ ತೀರಿಕೊಂಡದ್ದು ಇವರು ಸೂರತ್ತಿನಲ್ಲಿದ್ದಾಗ. ಪಟ್ಟಾಭಿರಾಮ ಒಬ್ಬನೇ ಮಗ. ಅಂದಿನಿಂದ ಪ್ರತಿ ಶ್ರಾವಣದಲ್ಲೂ ಅವನಿಗೆ ಅದೇ ಸಂಕಟ. ಮಂತ್ರ ಹೇಳುವವರು ಸಿಕ್ಕಾರು. ತಿಥಿಗೆ ಎಲೆಯ ಮುಂದೆ ಕೂತು ಊಟ ಮಾಡುವವರು ಸಿಗುವುದಿಲ್ಲ. ಮದುವೆ ಊಟಕ್ಕೆ ಕರೆಯದೆ ಬರುವವರೂ ತಿಥಿ ಊಟಕ್ಕೆ ಕರೆದರೆ ಹೊಟ್ಟೆನೋವು ಅನ್ನುತ್ತಾರೆ. ಹಾಗಾಗಿ ಅಕ್ಕಿ, ಬೇಳೆ, ತರಕಾರಿಗಳನ್ನು ಹಸಿಯಾಗಿಯೇ ದೇವಸ್ಥಾನದಲ್ಲಿ ದಾನ ಕೊಟ್ಟು ಬರುತ್ತಿದ್ದ. ಶಾಸ್ತ್ರ ಅದನ್ನೂ ಒಪ್ಪುತ್ತದಂತೆ. ಅವನ ಮನಸ್ಸು ಒಪ್ಪುತ್ತಿರಲಿಲ್ಲ. ಹೋದ ವರ್ಷ ದೇವಸ್ಥಾನದಿಂದ ಬಂದವನು ಗೋಡೆಗೆ ಒರಗಿ ಕೂತು, "ಅಮ್ಮನಿಗೆ ಸಾಮಾನು ಕೊಟ್ಟು ಬಂದೆ ಕಣೆ, ಊಟ ಹಾಕಲಿಲ್ಲ" ಅಂದಿದ್ದ. ಆ ಮಾತು ಕಾಮಾಕ್ಷಿಯ ಮನಸ್ಸಿನಿಂದ ಹೋಗಿರಲಿಲ್ಲ.

ಈ ವರ್ಷ ಅಹಮದಾಬಾದಿನ ಶಂಕರನಾರಾಯಣ ಅವರು ಒಪ್ಪಿದ್ದರು. ವಿಮಾ ಕಚೇರಿಯಲ್ಲಿದ್ದ ಹಿರಿಯರು, ಆಚಾರವಂತರು. ಹೋದ ವರ್ಷದ ತಿಥಿ ಕಳೆದ ಮೇಲೆ, ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ ಪಟ್ಟಾಭಿರಾಮ ಕೈಮುಗಿದು ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಒಂದು ಸಲ ಬರ್ತೀನಪ್ಪ. ಹಿಡಿಸಿದರೆ ನೀವು ಗುಜರಾತಿನಲ್ಲಿರೋವರೆಗೂ ಬರ್ತೀನಿ. ಹಿಡಿಸದಿದ್ದರೆ ಮತ್ತೆ ಕೇಳಬೇಡಿ, ನಾನು ಇಲ್ಲ ಅನ್ನೋದೂ ಬೇಡ." ಹಾಗೆ ಎರಡು ಮನೆಗಳಿಗೆ ಅವರು ಹೋಗುವುದನ್ನು ನಿಲ್ಲಿಸಿದ್ದರೆಂಬುದು ಸಂಘದವರಿಗೆಲ್ಲ ಗೊತ್ತಿತ್ತು. ಇನ್ನೊಂದು ಎಲೆಗೆ ರೈಲ್ವೆ ಕಾಲೊನಿಯ ದಿವಾಕರ ಸಿಕ್ಕ. ಮದುವೆಯಾಗದ ಹುಡುಗ, ಮೆಸ್ಸಿನ ಊಟದಿಂದ ಬೇಸತ್ತವನು, ಏನು ಹೇಳಿದರೂ ಆಗಲಿ ಅನ್ನುವವನು. ಅವನು ಯಾವಾಗಲೂ ಬಂದಾನು. ಶಂಕರನಾರಾಯಣ ಅವರು ಮುಂದಿನ ವರ್ಷವೂ ಬರುತ್ತಾರೋ ಇಲ್ಲವೋ ಎಂಬುದೆಲ್ಲ ಕಾಮಾಕ್ಷಿಯ ಅಡುಗೆಯ ಮೇಲೆ ನಿಂತಿತ್ತು.

ಅವಳು ಹಿಂದಿನ ವಾರವಷ್ಟೇ ಜ್ವರದಿಂದ ಎದ್ದಿದ್ದಳು. ಡಾಕ್ಟರು ಕೊಟ್ಟ ಮಾತ್ರೆಯ ಕಹಿ ನಾಲಗೆಯಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ತಿಥಿಯ ಹಿಂದಿನ ದಿನ ಖಂಡೇರಾವ್ ಮಾರುಕಟ್ಟೆಗೆ ಹೋದಾಗ ಮಳೆ ಬಂದು ನಿಂತಿತ್ತು. ಬಾಳೆಕಾಯಿ, ಗೋರಿಕಾಯಿ, ಸುವರ್ಣಗಡ್ಡೆ ಮೊದಲೇ ಚೀಲಕ್ಕೆ ಬಿದ್ದವು. ಕೋಸು, ಆಲೂಗಡ್ಡೆ, ಟೊಮೇಟೊಗಳ ರಾಶಿಯ ಮುಂದೆ ನಿಲ್ಲುವ ಹಾಗೇ ಇರಲಿಲ್ಲ. ಅವು ತಿಥಿಗೆ ಬಾರದವು. ಉಳಿದದ್ದು ಹೀರೇಕಾಯಿ. ರುಕ್ಮಿಣಮ್ಮನಿಗೆ ಹೀರೇಕಾಯಿ ಪಲ್ಯ ಎಂದರೆ ಪ್ರಾಣ. ಪಟ್ಟಾಭಿರಾಮ ಈ ತಿಥಿಗೆ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಹೀರೇಕಾಯಿ ಆರಿಸುವುದನ್ನು ಅವಳಿಗೆ ಕಲಿಸಿದ್ದೂ ಅತ್ತೆಯೇ. ಕೈಯಲ್ಲಿ ಹಿಡಿದರೆ ತೂಕ ಇರಬೇಕು, ಹಗುರಾಗಿದ್ದರೆ ಒಳಗೆ ನಾರು. ಏಣು ಚೂಪಾಗಿರಬೇಕು, ಆದರೆ ಉಗುರು ಒತ್ತಿದರೆ ಇಳಿಯಬೇಕು. ಹೊಟ್ಟೆ ಊದಿದ್ದರೆ ಬೀಜ ಬಲಿತಿದೆ, ಮುಟ್ಟಬಾರದು. ಇಷ್ಟೆಲ್ಲ ನೋಡಿದರೂ ಒಂದು ವಿಷಯ ಮಾತ್ರ ಹೊರಗಿನಿಂದ ತಿಳಿಯುವುದಿಲ್ಲ. ಕಹಿಯೋ ಅಲ್ಲವೋ ಗೊತ್ತಾಗಬೇಕಾದರೆ ತೊಟ್ಟಿನ ಹತ್ತಿರ ಚೂರು ಮುರಿದು ನಾಲಗೆಗೆ ಇಡಲೇಬೇಕು. ದಿನದ ಅಡುಗೆಗಾದರೆ ಎಲ್ಲರೂ ಮಾಡುವುದು ಅದನ್ನೇ. ತಿಥಿಗೆ ಹಾಗಿಲ್ಲ. ತಿಥಿಯ ತರಕಾರಿ ತೊಟ್ಟು ಮುರಿಯದೆ, ಯಾರ ಬಾಯಿಗೂ ಹೋಗದೆ ಮನೆಗೆ ಬರಬೇಕು. ಬೆಂದ ಮೇಲೂ ಉಪ್ಪು ನೋಡುವಂತಿಲ್ಲ.

ತರಕಾರಿಯ ಮುದುಕಿಗೆ ಇದು ಹೇಗೆ ಗೊತ್ತಾಗಬೇಕು? ಅವಳು ಕಾಯಿಯೊಂದನ್ನು ಎತ್ತಿಕೊಂಡು ತೊಟ್ಟು ಮುರಿಯಲು ಹೋದಳು. "ಚಾಖೀ ಜುವೋ ಬೇನ್," ರುಚಿ ನೋಡಮ್ಮ, ಅಂದಳು. ಕಾಮಾಕ್ಷಿ ಅವಳ ಕೈ ತಡೆದು, ಬೇಡ, ಹಾಗೇ ಇರಲಿ ಎಂದು ತನ್ನ ಹರಕು ಗುಜರಾತಿಯಲ್ಲಿ ಹೇಳಿದಳು. ಈ ವರ್ಷ ಮಳೆ ತಡವಾಗಿದೆ, ಬಳ್ಳಿ ಒಣಗಿ ಚಿಗುರಿದೆ, ಕೆಲವು ಕಾಯಿ ಕಹಿ ಬರುತ್ತಿವೆ, ಆಮೇಲೆ ನನ್ನನ್ನು ಬೈಯಬೇಡ ಎಂದು ಮುದುಕಿ ಎಚ್ಚರಿಸಿದಳು. ಕಾಮಾಕ್ಷಿ ತಲೆಯಾಡಿಸಿ ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡಳು. ನಾಲಗೆ ಇದ್ದೂ ಹೀರೇಕಾಯಿಯನ್ನು ಕಣ್ಣಲ್ಲಿ ತಿನ್ನುವವರು ಈ ಮದ್ರಾಸಿಗಳು ಮಾತ್ರ ಎಂದು ಮುದುಕಿ ಪಕ್ಕದವಳಿಗೆ ಹೇಳಿ ನಕ್ಕದ್ದು ಬೆನ್ನ ಹಿಂದೆ ಕೇಳಿಸಿತು.

ಮರುದಿನ ಬೆಳಗ್ಗೆ ಮಡಿ ಸೀರೆ ಒಣಗಿರಲಿಲ್ಲ. ಶ್ರಾವಣದಲ್ಲಿ ಯಾವುದು ಒಣಗುತ್ತದೆ? ಹಸಿಯದನ್ನೇ ಉಟ್ಟು, ಕಾಫಿಯೂ ಇಲ್ಲದ ಹೊಟ್ಟೆಯಲ್ಲಿ ಇದ್ದಲ ಒಲೆಯ ಮುಂದೆ ಕೂತಳು. ಅನ್ನ, ತೊವ್ವೆ, ವಡೆ, ಪಾಯಸ ಒಂದೊಂದಾಗಿ ಇಳಿದವು. ನಡುಮನೆಯಲ್ಲಿ ದಾಂಡಿಯಾ ಬಜಾರಿನಿಂದ ಬಂದಿದ್ದ ಮರಾಠಿ ಭಟ್ಜಿ ಮಂತ್ರ ಶುರುಮಾಡಿದ್ದರು. ಶಂಕರನಾರಾಯಣ ಅವರೂ ಬೆಳಗಿನ ರೈಲಿನಲ್ಲಿ ಬಂದು, ಸ್ನಾನ ಮಾಡಿ ಸಿದ್ಧರಾಗಿದ್ದರು.

ಹೀರೇಕಾಯಿಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಮೊದಲೇ ಹೆಚ್ಚಿದರೆ ನೀರು ಬಿಡುತ್ತದೆ. ಏಣು ಹೆರೆದು, ಸಣ್ಣಗೆ ಹೆಚ್ಚಿ, ಎಲ್ಲವನ್ನೂ ಒಂದೇ ಬೋಗುಣಿಗೆ ಹಾಕಿದಳು. ಬೆವರು ಮೂಗಿನ ಮೇಲೆ ಇಳಿಯಿತು. ಯೋಚಿಸದೆ ಮುಂಗೈಯಿಂದ ಒರೆಸಿಕೊಂಡಳು. ಮುಂಗೈಗೆ ಸಿಡಿದಿದ್ದ ರಸ ತುಟಿಗೆ ತಾಗಿತು.

ಕಹಿ.

ಅವಳು ಎದ್ದು ಹೋಗಿ ಬಾಯಿ ತೊಳೆದು, ಕೈಕಾಲು ತೊಳೆದು ಬಂದು ಮತ್ತೆ ಕೂತಳು. ಅದು ಕಾಯಿಯ ಕಹಿಯೋ, ಮಾತ್ರೆಯ ಕಹಿಯೋ, ಬರೀ ಹೊಟ್ಟೆಯದೋ? ಕಾಯಿಯದೇ ಆದರೆ ಯಾವ ಕಾಯಿಯದು? ಬೋಗುಣಿಯಲ್ಲಿ ಎಲ್ಲವೂ ಬೆರೆತು ಒಂದೇ ಹಸಿರಾಗಿದ್ದವು. ಒಂದು ಚೂರು ಬಾಯಿಗೆ ಹಾಕಿಕೊಂಡರೆ ತಿಳಿದುಹೋಗುತ್ತಿತ್ತು. ಹಾಕಿಕೊಂಡರೆ ಅಷ್ಟೂ ಎಂಜಲು.

ಗಂಡನಿಗೆ ಹೇಳಿಬಿಡೋಣ ಎಂದು ಬಾಗಿಲವರೆಗೆ ಬಂದಳು. ಪಟ್ಟಾಭಿರಾಮ ಬಗ್ಗಿ ಶಂಕರನಾರಾಯಣ ಅವರ ಕಾಲು ತೊಳೆಯುತ್ತಿದ್ದ. ತೊಳೆದ ಪಾದವನ್ನು ಒರೆಸುವಾಗ ಅವನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಇಷ್ಟು ವರ್ಷ ಅವನು ಹೊತ್ತು ತಿರುಗಿದ್ದು ಎಷ್ಟು ಭಾರ ಎಂಬುದು ಕಾಮಾಕ್ಷಿಗೆ ಆಗಲೇ ತಿಳಿದದ್ದು. ಹೇಳಿದರೆ ಪಲ್ಯ ಹೊರಗೆ ಹೋಗುತ್ತದೆ, ಈ ನೆಮ್ಮದಿಯೂ ಹೋಗುತ್ತದೆ. ಹೇಳದಿದ್ದರೆ ಹಿರಿಯರ ಬಾಯಿಗೆ ಕಹಿ ಬಿದ್ದು, ಈ ಮನೆಗೆ ಅವರು ಮತ್ತೆ ಕಾಲಿಡುವುದಿಲ್ಲ. ಯಾವುದು ಸರಿ ಎಂದು ತೂಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಒಳಗೆ ಕಾಯಲು ಇಟ್ಟಿದ್ದ ಬಾಣಲೆ ಹೊಗೆಯಾಡುತ್ತಿತ್ತು. ಹಿಂದಿರುಗಿ ಬಂದಳು.

ತುಪ್ಪ ಹಾಕಿ, ಜೀರಿಗೆ ಸಿಡಿಸಿ, ಹೀರೇಕಾಯಿ ಸುರಿದಳು. ನೀರು ಹಾಕಲಿಲ್ಲ, ಮುಚ್ಚಲೂ ಇಲ್ಲ. ಮುಚ್ಚಿದರೆ ಅದು ಮುದ್ದೆಯಾಗುತ್ತದೆ. ಬಿಟ್ಟ ನೀರು ಇಂಗುವವರೆಗೂ ಸೌಟು ಆಡಿಸುತ್ತ ನಿಗಿನಿಗಿ ಕೆಂಡದಲ್ಲೇ ಹುರಿದಳು. ಪಲ್ಯ ಕುಗ್ಗಿದ ಮೇಲೆ ಉಪ್ಪು, ಮೆಣಸಿನ ಪುಡಿ, ಕಾಯಿತುರಿ ಹಾಕಿದಳು. ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಯಿತು. ಒಂದು ಚೂರು ಹಾಕಿದಳು. ಸ್ವಲ್ಪ ತಡೆದು ಇನ್ನೊಂದು ಚೂರು.

ಮುತ್ತುಗದ ಎಲೆಗಳ ಮೇಲೆ ಒಂದೊಂದಾಗಿ ಬಡಿಸಿದಳು. ತಿಥಿಗೆ ಕೂತವರು ಮಾತಾಡುವುದಿಲ್ಲ. ಅಡುಗೆಯನ್ನು ಹೊಗಳುವಂತಿಲ್ಲ, ಹಳಿಯುವಂತಿಲ್ಲ, ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಾರೆ. ಶಂಕರನಾರಾಯಣ ಅವರು ಹೀರೇಕಾಯಿ ಬಾಯಿಗಿಟ್ಟರು. ಅಗಿದರು. ಅವರ ಮುಖ ಬಾಗಿಲು ಹಾಕಿದ ಮನೆಯ ಹಾಗೆ ಇತ್ತು. ದಿವಾಕರ ತಗ್ಗಿಸಿದ ತಲೆ ಎತ್ತದೆ ಎಲ್ಲವನ್ನೂ ಕಲಸಿಕೊಂಡು ತಿನ್ನುತ್ತಿದ್ದ. ಹಿರಿಯರು ನೀರು ಕುಡಿದರು. ಆಮೇಲೆ ಎಲೆಯ ಮೇಲೆ ಪಲ್ಯವಿದ್ದ ಜಾಗವನ್ನು ಬೆರಳಲ್ಲಿ ತೋರಿಸಿದರು.

ಅವಳು ಬಡಿಸಿದಳು. ಅದು ಮುಗಿದ ಮೇಲೆ ಮತ್ತೆ ತೋರಿಸಿದರು. ಬಾಣಲೆಯ ತಳದಲ್ಲಿದ್ದುದನ್ನೂ ಬಳಿದು ಹಾಕಿದಳು. ದಿವಾಕರನಿಗೆ ಎರಡನೆಯ ಸಲಕ್ಕೆ ಇರಲಿಲ್ಲ.

ತೃಪ್ತರಾದಿರಾ ಎಂದು ಕೊನೆಯಲ್ಲಿ ಮಗ ಕೇಳಬೇಕು, ತೃಪ್ತರಾದೆವು ಎಂದು ಕೂತವರು ಹೇಳಬೇಕು. ಮಂತ್ರದಲ್ಲಿ ಬೇರೆ ಉತ್ತರಕ್ಕೆ ಜಾಗವಿಲ್ಲ. ಪಟ್ಟಾಭಿರಾಮ ಕೇಳಿದ. ಅವರು ಹೇಳಿದರು.

ಸಂಜೆಯ ರೈಲಿಗೆ ಹೊರಟು ಶಂಕರನಾರಾಯಣ ಅವರು ಚಪ್ಪಲಿ ಮೆಟ್ಟುವಾಗ ಕಾಮಾಕ್ಷಿಗೆ ತಡೆಯಲಾಗಲಿಲ್ಲ.

"ಮಾಮ, ಹೀರೇಕಾಯಿ..."

"ತಿಥಿ ಊಟದ ಮಾತು ಆಡಬಾರದಮ್ಮ," ಅಂದರು ಅವರು. ದನಿ ಗಡಸಾಗಿರಲಿಲ್ಲ. ಅವಳ ಮುಖವನ್ನು ಒಂದು ಗಳಿಗೆ ನೋಡಿ ಪಟ್ಟಾಭಿರಾಮನ ಕಡೆ ತಿರುಗಿದರು. "ಮುಂದಿನ ಶ್ರಾವಣಕ್ಕೆ ಸ್ವಲ್ಪ ಮುಂಚೆ ನೆನಪು ಮಾಡಪ್ಪ, ನನಗೆ ರಜ ಸಿಗಬೇಕಲ್ಲ. ಇವಳಿಗೆ ಮೈ ಸರಿಯಿಲ್ಲ ಅಂತ ಕಾಣುತ್ತೆ. ಎರಡು ದಿನ ಒಲೆ ಮುಂದೆ ಕೂರಿಸಬೇಡ."

ಆಮೇಲೆ ಗಂಡಹೆಂಡತಿ ಎಲೆಯ ಮುಂದೆ ಕೂತರು. ಪಟ್ಟಾಭಿರಾಮ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ. ಹೀರೇಕಾಯಿ ಎಲ್ಲಿ ಎಂದು ಕೇಳಿದ. ಎಲ್ಲ ಅವರೇ ಊಟ ಮಾಡಿದರು ಅಂದಳು. "ಅಮ್ಮನಿಗೆ ಸೇರಿತು ಹಾಗಾದರೆ," ಅಂದ. ಅವಳು ಅವನಿಗೆ ಇನ್ನಷ್ಟು ತೊವ್ವೆ ಬಡಿಸಿದಳು. ಬೆಳಗಿನಿಂದ ಕಾದ ಹಸಿವು ಆಗಲೇ ಸತ್ತುಹೋಗಿತ್ತು. ಅವಳಿಗೆ ಒಂದು ಹಿಡಿ ಮಜ್ಜಿಗೆ ಅನ್ನವಷ್ಟೇ ಇಳಿಯಿತು.

ಕೆಲವು ದಿನ ಕಳೆದು ಮನೆಗೆ ಬಂದ ದಿವಾಕರನನ್ನು ಸುತ್ತುಬಳಸಿ ಕೇಳಿ ನೋಡಿದಳು. "ನನ್ನ ಕೇಳ್ತೀರಲ್ಲ ಅತ್ತಿಗೆ," ಎಂದು ಅವನು ನಕ್ಕ. "ಮೆಸ್ಸಲ್ಲಿ ತಿಂದು ತಿಂದು ನನ್ನ ನಾಲಗೆ ಪಿಂಚಣಿ ತಗೊಂಡಿದೆ. ಕಲಸಿದೆ, ನುಂಗಿದೆ."

ಶಂಕರನಾರಾಯಣ ಅವರು ಮರುವರ್ಷ ಬಂದರು, ಅದರ ಮರುವರ್ಷವೂ ಬಂದರು. ಕಾಮಾಕ್ಷಿ ಮತ್ತೆಂದೂ ತಿಥಿಗೆ ಹೀರೇಕಾಯಿ ತರಲಿಲ್ಲ, ಅವರೂ ಅದನ್ನು ಕೇಳಲಿಲ್ಲ. ಆ ದಿನ ಅವರು ರುಚಿಯೆಂದು ಎರಡು ಸಲ ಹಾಕಿಸಿಕೊಂಡರೋ, ಬೇರೆಯವರ ಬಾಯಿಗೆ ಹೋಗದಿರಲಿ ಎಂದು ತಾವೇ ಮುಗಿಸಿದರೋ, ಅವರು ಯಾರಿಗೂ ಹೇಳಲಿಲ್ಲ. ಪಲ್ಯ ಕಹಿಯಾಗಿತ್ತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಕಾಮಾಕ್ಷಿಗೂ ಗೊತ್ತಾಗಲಿಲ್ಲ.