ಹಳದಿ ಗೂಡಿಗೆ ಯಾರೂ ಬರೆಸದ ಮಿಷನ್ನು

ರಾಮನಗರದಾಗೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋ ಕೈಗಳು ಸಾವಿರ ಅವೆ. ನನ್ನ ಕೈಯಂಥದ್ದು ಇನ್ನೊಂದಿಲ್ಲ. ನಲವತ್ತು ವರ್ಷ ನಾನು ತೆಗೆದ ನೂಲನ್ನ ರಾಮದೇವರ ಬೆಟ್ಟಕ್ಕೆ ನೂರೊಂದು ಸುತ್ತು ಸುತ್ತಿ, ಮಿಕ್ಕಿದ್ದನ್ನ ನಮ್ಮ ತೌರೂರು ಕಲ್ಯದಗಂಟ ಎಳೀಬೋದು. ನನ್ನ ಯಜಮಾನ್ರು ಲಿಂಗಯ್ಯ ಬದುಕಿದ್ದಾಗ, "ದೊಡ್ಡಲಕ್ಷ್ಮಿ ಕೈ ಕಂಡ್ರೆ ಗೂಡೇ ತಾನಾಗಿ ತುದಿ ಕೊಡ್ತದೆ" ಅಂದಿದ್ರು. ಅವರು ನನ್ನ ಹೊಗಳಿದ್ದು ಅದೊಂದೇ ಸಲ, ಅದೂ ಕುಡಿದಿದ್ದಾಗ.

ಆ ಕೈ ನೋಡೇ ನಜೀರ ನನ್ನನ್ನ ತನ್ನ ಕಾರ್ಖಾನೆಗೆ ಕರ್ಕೊಂಡಿದ್ದು. ಅವಂದು ನೂಲು ತೆಗೆಯೋ ಮಿಷನ್ ಮಾಡೋ ಕಂಪ್ನಿ, ಹನ್ನೆರಡು ಜನ ಕೆಲ್ಸದೋರು. ಅವನು ಮಾಡಿದ ಮಿಷನ್ನ ನಾನು ಓಡ್ಸಿ ನೋಡ್ಬೇಕು. ನಾನು ಸರಿ ಅಂದ್ರೆ ಸರಿ, ಇಲ್ಲಾಂದ್ರೆ ಗುಜರಿ.

ಆ ವರ್ಷ ಅವನ ಮಿಷನ್ನ ನಾಕು ಜನ ನೋಡ್ಕೊಂಡು ಹೋಗಿ ಹಂಗೇ ಮಾಡಿ ಮಾರೋಕೆ ಕುಂತ್ರು. ಅದ್ರಾಗೆ ಮೊದಲ್ನೇವನು ಪಕ್ಕದ ಬೀದಿ ಮುನಿಶಾಮಯ್ಯ. ಹೊಸದೇನಾರ ಮಾಡ್ದಿದ್ರೆ ಕಂಪ್ನಿ ಬಾಗ್ಲು ಹಾಕ್ಬೇಕು, ಹಂಗಾಗಿತ್ತು. ಬೆಂದ ಗೂಡಿನ ಎಳೆತುದಿ ಹುಡುಕೋಕೆ, ಗರಗರ ತಿರುಗೋ ಬ್ರಷ್ ಮಿಷನ್ ಮಾಡ್ತೀನಿ ಅಂತ ನಜೀರ ಕಬ್ಬಿಣ ಎಲ್ಲಾ ತಂದು ರಾಶಿ ಹಾಕ್ಬುಟ್ಟ.

ಅವನ ಮಗಳು ಹಮೀದಾ ಇಂಜಿನಿಯರಿಂಗ್ ಓದ್ಕೊಂಡು ಅಪ್ಪನ ಜೊತೇಲೇ ಕೆಲ್ಸ ಮಾಡ್ತಾಳೆ. ಅವತ್ತು ಒಂದು ಹೊರೆ ಪೇಪರ್ ತಂದು ಮೇಜಿನ ಮೇಲೆ ಕುಕ್ಕಿದ್ಳು. ಎತ್ತಿನಗಾಡಿ ತುಂಬ್ತಿತ್ತು ಅನ್ನಿ.

"ಅಬ್ಬಾ, ಆ ಬ್ರಷ್ ಮಿಷನ್ ಬೇಡ," ಅಂದ್ಳು ಅಪ್ಪನಿಗೆ.

"ಏನವ್ವ ಇದು, ನಿನ್ನ ಮದುವೆ ಪತ್ರಿಕೆನಾ?" ಅಂದೆ ನಾನು.

"ಪೇಟೆಂಟು ಅಜ್ಜಿ. ಹೊಸ ಮಿಷನ್ ಕಂಡ್ಹಿಡಿದೋರು ಸರ್ಕಾರದಾಗೆ ಬರೆಸಿಡ್ತಾರೆ. ಇಪ್ಪತ್ತು ವರ್ಷ ಅವರನ್ನ ಕೇಳ್ದೆ ಬೇರೆಯೋರು ಮಾಡಂಗಿಲ್ಲ."

"ಅಂದ್ರೆ ಬುದ್ಧಿಗೂ ಬೇಲಿ ಹಾಕ್ಕತಾರೆ."

ಹಮೀದಾ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ಳು. ಮೈತುಂಬ ಸಿಡುಬು ಎದ್ದಂಗೆ ಚುಕ್ಕಿ, ಒಂದೊಂದು ಚುಕ್ಕಿ ಒಂದೊಂದು ಪೇಟೆಂಟು. ಕೆಂಪು ಚುಕ್ಕಿ ಅಂದ್ರೆ ಬೇಲಿ ಇನ್ನೂ ಗಟ್ಟಿ ಐತೆ. ಹಸಿರು ಅಂದ್ರೆ ಇಪ್ಪತ್ತು ವರ್ಷ ಮುಗಿದೋಗೈತೆ, ಯಾರು ಬೇಕಾದ್ರೂ ನುಗ್ಬೋದು. ತಿರುಗೋ ಬ್ರಷ್ ಇರೋ ಕಡೆ ಕೆಂಪು ಕಾರದಪುಡಿ ಚೆಲ್ಲಿದಂಗಿತ್ತು.

"ಒಂದೇ ಕಂಪ್ನಿ ಇಪ್ಪತ್ಮೂರು ಬರೆಸೈತೆ, ನಮ್ಮ ದೇಶದಾಗೂ ಬರೆಸೈತೆ. ನಾವು ಮಾಡಿದ ತಿಂಗಳಿಗೇ ಕೋರ್ಟು ಕಾಗದ ಬರ್ತದೆ ಅಬ್ಬಾ."

ನಜೀರನಿಗೆ ರೇಗ್ತು. "ಗೋಡೆ ಮೇಲಿನ ಚುಕ್ಕಿ ನೋಡಿ ಯಾರಾದ್ರೂ ಮಿಷನ್ ಮಾಡ್ತಾರಾ? ನಮ್ಮಪ್ಪ ಯಾವ ಚುಕ್ಕಿ ನೋಡಿದ್ರು?"

"ನಿಮ್ಮಪ್ಪ ನೋಡ್ಲಿಲ್ಲ ಕಣಪ್ಪ, ಅದಕ್ಕೇ ಮೂರು ಮಿಷನ್ ಗುಜರಿಗೆ ಹೋದೊ," ಅಂದೆ. ಹಾಳೆಯ ಒಂದು ಮೂಲೇಲಿ ಬರೀ ಬಿಳಿ ಇತ್ತು. "ಅಲ್ಲೇನವ್ವ, ಚುಕ್ಕಿ ಖರ್ಚಾಗೋಯ್ತಾ?"

ಹಮೀದಾ ಆ ಬಿಳಿ ಮೂಲೆ ಮೇಲೆ ಬೆರಳಿಟ್ಟು, "ಅದು ನಮ್ಮ ಹಳದಿ ಗೂಡಿನ ಜಾಗ ಅಜ್ಜಿ. ಅದಕ್ಕೆ ಅಂತ ಯಾರೂ ಬರೆಸಿಲ್ಲ. ಖಾಲಿ ಐತೆ ಅಂತ ಕುಣಿಯೋಕೂ ಆಗಲ್ಲ. ಮಾಡೋಕೇ ಆಗಲ್ಲ ಅಂತ ಬುಟ್ಟಿರಬೋದು. ಅದೇ ನನಗೆ ಭಯ," ಅಂದ್ಳು.

"ನಮ್ಮೂರಾಗೆ ಬೋರು ಕೊರೆಸದ ಜಮೀನು ಎರಡು ಥರ," ಅಂದೆ. "ಒಂದು, ನೀರಿಲ್ಲ ಅಂತ ಗೊತ್ತಿರೋದು. ಇನ್ನೊಂದು, ಯಾರೂ ಆ ಕಡೆ ಹೋಗೇ ಇಲ್ದಿರೋದು. ಈ ಬರೆಸಿದೋರೆಲ್ಲ ಯಾವೂರೋರು?"

"ಜಾಸ್ತಿ ಜಪಾನು, ಚೀನಾ."

"ಅಲ್ಲಿ ಬಿಳಿ ಗೂಡು. ನಮ್ಮ ಹಳದಿ ಗೂಡು ಅವರ ಕಣ್ಣಿಗೇ ಬಿದ್ದಿಲ್ಲ, ಇನ್ನ ಅದಕ್ಕೆ ಮಿಷನ್ ಎಲ್ಲಿಂದ ಮಾಡ್ಯಾರು? ಬಾ ಇಲ್ಲಿ, ನೀರೈತೋ ಇಲ್ವೋ ತೋರುಸ್ತೀನಿ."

ಬಿಸಿನೀರ ತೊಟ್ಟೀಲಿ ಹಳದಿ ಗೂಡು ಹಾಕ್ಸಿದೆ. ಬ್ರಷ್ ತಿರುಗಿಸಿದೆ. ಮೇಲಿನ ರೇಷ್ಮೆಯೆಲ್ಲ ಕಿತ್ತು ಬಂದು ಮುದುಕಿ ತಲೆಕೂದ್ಲಂಗೆ ಉಂಡೆಯಾಯ್ತು. ಆಮೇಲೆ ಕೂಸಿನ ಕೆನ್ನೆ ತಟ್ಟಿದಂಗೆ ಬ್ರಷ್ಷನ್ನ ಮೇಲೂ ಕೆಳಗೂ ಮೆತ್ತಗೆ ಆಡಿಸಿದೆ. ಎಳೆತುದಿಗಳು ಸಲೀಸಾಗಿ ಮೇಲೆದ್ವು.

ನಜೀರ ಬಗ್ಗಿ ನೋಡ್ದ. "ತಟ್ಟೋದು. ಇದು ಮಿಷನ್ನಿಗೆ ಬರ್ತದಾ?"

"ನನಗೆ ಬಂದೈತೆ, ಕಬ್ಬಿಣಕ್ಕೆ ಬರಲ್ವಾ?"

ಹಮೀದಾ ಒಂದು ವಾರ ಮತ್ತೆ ಪೇಪರೆಲ್ಲ ಜಾಲಾಡಿದ್ಳು. ತಟ್ಟೋ ಬ್ರಷ್ ಯಾರೂ ಬರೆಸಿರ್ಲಿಲ್ಲ. ಬ್ರಷ್ಷನ್ನ ಮೇಲೆ ಕೆಳಗೆ ಎತ್ತೋ ಸಲಾಕಿ ಮಾತ್ರ ಒಂದು ಹಸಿರು ಚುಕ್ಕೀಲಿ ಸಿಕ್ತು, ಬಿಟ್ಟಿಯಾಗಿ ಎತ್ಕೊಂಡೊ. ನಾಕು ತಿಂಗಳಿಗೆ ಮಿಷನ್ ಎದ್ದು ನಿಂತ್ಕತು. ಹತ್ತು ಗೂಡು ಹಾಕಿದ್ರೆ ಹನ್ನೆರಡು ತುದಿ ಎತ್ತಿ ಕೊಡ್ತಿತ್ತು. ಹಮೀದಾ ಎಂಟು ಅಂತ ಬರ್ಕೊಂಡ್ಳು, ಓದಿದೋರ ಲೆಕ್ಕ ಯಾವಾಗ್ಲೂ ಕಮ್ಮಿ.

ಅಷ್ಟೊತ್ತಿಗೆ ಆಯುಧಪೂಜೆ ಬಂತು. ಅವತ್ತು ನಮ್ಮ ಕಡೆ ಎಲ್ಲಾ ಕಾರ್ಖಾನೆ ಬಾಗ್ಲೂ ತೆಗೆದಿರ್ತವೆ. ಮಿಷನ್‌ಗಳ್ನ ತೊಳೆದು, ಹೂವಿಕ್ಕಿ ಸಾಲಾಗಿ ನಿಲ್ಸಿರ್ತಾರೆ, ಬಂದೋರು ನೋಡ್ಕೊಂಡು ಕಡ್ಲೆಪುರಿ ಈಸ್ಕೊಂಡು ಹೋಗ್ತಾರೆ. ನಾನೂ ನಜೀರನೂ ಗೂಡಿನ ಮಾರ್ಕೆಟ್ಟಿಂದ ಮರಳವಾಡಿಗಂಟ "ಬನ್ನಿ, ಹೊಸ ಮಿಷನ್ ನೋಡಿ" ಅಂತ ಕರೆದ್ಬುಟ್ಟಿದ್ದೊ.

ಹಿಂದಿನ ದಿನ ಅದು ತಿಳಿದು ಹಮೀದಾ ಮುಖ ಸುಣ್ಣ ಆಯ್ತು. "ಅರ್ಜಿ ಹಾಕೋದು ಸೋಮವಾರ. ಅದಕ್ಕೆ ಮುಂಚೆ ನಾಕು ಜನ ನೋಡ್ಬುಟ್ರೆ ಇದು ಹೊಸದಲ್ಲ ಅಂತಾರೆ. ಪೇಟೆಂಟು ಕೊಡಲ್ಲ, ಮುನಿಶಾಮಯ್ಯ ಮಾರನೇ ದಿನವೇ ಮಾಡ್ಬೋದು."

"ಒಳಗಿಟ್ಟು ಬೀಗ ಹಾಕೋಣ," ಅಂದ ನಜೀರ.

ಮೇಸ್ತ್ರಿ ಚಿಕ್ಕಹನುಮಯ್ಯ ಒಪ್ಪಲಿಲ್ಲ. "ಪೂಜೆ ಆಗದ ಮಿಷನ್ನ ನಮ್ಮ ಹುಡುಗ್ರು ಮುಟ್ಟಲ್ಲ ಸಾಮಿ. ಕೈ ಗೀ ಸಿಕ್ಕಾಕ್ಕೊಂಡ್ರೆ ಯಾರು ಹೊಣೆ?"

ನಾನು ನನ್ನ ಹಳೇ ಸೀರೆ ತಂದೆ. ಮಿಷನ್ನಿಗೆ ಮುಸುಕು ಹಾಕಿ, ನಾಕು ಕಡೆ ಹಗ್ಗ ಬಿಗಿದು, ಸೀರೆ ಮೇಲೇ ಕುಂಕುಮ ಇಟ್ಟು, ಹಾರ ಹಾಕಿ, ಮುಂದೆ ಕುರ್ಚಿ ಹಾಕ್ಕೊಂಡು ಕುಂತ್ಕೊಂಡೆ.

ಬೆಳಗಾಗ್ತಿದ್ದಂಗೆ ಬಂದೋನೇ ಮುನಿಶಾಮಯ್ಯ.

"ಏನಕ್ಕ, ಮಿಷನ್ನಿಗೂ ಸೆರಗು ಹೊದ್ಸಿದ್ದೀಯ? ನಾಚ್ಕೊಂಡದಾ?"

"ನಿನ್ನ ಕಂಡ್ರೆ ಹೆಣ್ಣುಮಕ್ಕಳು ಮುಸುಕು ಹಾಕ್ಕಳೋದು ಹೊಸದಾ ಮುನಿಶಾಮಿ?"

ಅವನು ನಕ್ಕಂಡು ಸೀರೆ ಅಂಚಿಗೆ ಕೈ ಹಾಕ್ದ. ನಾನು ಊರುಗೋಲಲ್ಲಿ ಮಣಿಕಟ್ಟಿಗೆ ಒಂದು ತಟ್ಟಿದೆ.

"ಒಳಗೇನೈತೆ ಅದಾದ್ರೂ ಹೇಳಕ್ಕ."

"ನಿನಗಾದ್ರೆ ಹೇಳ್ತೀನಿ, ಯಾರಿಗೂ ಬಾಯ್ಬುಡ್ಬೇಡ. ರಾಗಿಮುದ್ದೆ ತೊಳಸೋ ಮಿಷನ್ನು. ಗಂಟೆಗೆ ಸಾವಿರ ಮುದ್ದೆ, ಒಂದ್ರಾಗೂ ಗಂಟಿರಲ್ಲ. ನೂಲಿನ ಸಹವಾಸವೇ ಬೇಡ ಅಂತ ನಜೀರ ಬುಟ್ಬುಟ್ಟ."

"ಸುಳ್ಳು."

"ಹಂಗಾದ್ರೆ ತೊಟ್ಟಿ ಯಾಕೆ ಮುದ್ದೆ ತೊಳಸೋ ಗಡಿಗೆಯಂಗೆ ಗುಂಡಗೈತೆ, ನೀನೇ ಯೋಚ್ನೆ ಮಾಡು."

ಮುಸುಕಿನ ಮೇಲೆ ಕಾಣ್ತಿದ್ದ ಗುಂಡನೇ ಆಕಾರನ ದಿಟ್ಟಿಸಿ ನೋಡ್ದ, ಪುರಿ ಪೊಟ್ಟಣ ಈಸ್ಕೊಂಡು ಹೋದ. ಸಂಜೆಗೆ ಮಿಷನ್ನಿನ ರೇಟು ಕೇಳ್ಕೊಂಡು ಇಬ್ಬರು ಮಿಲ್ಟ್ರಿ ಹೋಟ್ಲೋರು ಬಂದ್ರು. ಸೀರೆಯೊಳಗೆ ಒಂದು ನೊಣವೂ ಹೋಗ್ಲಿಲ್ಲ.

ಸೋಮವಾರ ಅರ್ಜಿ ಹೋಯ್ತು, ಮಧ್ಯಾಹ್ನಕ್ಕೆ ನಂಬರ್ ಬಂತು. ಹಮೀದಾ ಗೋಡೆಯ ಬಿಳಿ ಮೂಲೇಲಿ ತನ್ನ ಕೈಯಾರೆ ಒಂದು ಕೆಂಪು ಚುಕ್ಕಿ ಇಟ್ಳು. ಪೇಟೆಂಟು ಕೈಗೆ ಬರೋಕೆ ಇನ್ನೂ ವರ್ಷಗಳು ಹಿಡೀತವಂತೆ, ಆದ್ರೆ ಸಾಲಿನಾಗೆ ಮೊದಲು ನಿಂತೋರು ನಾವೇ ಅಂದ್ಳು. ನಜೀರ ತಾನೇ ಹಗ್ಗ ಬಿಚ್ಚಿದ.

ಮಂಗಳವಾರ ಮುನಿಶಾಮಯ್ಯ ಮತ್ತೆ ಬಂದ. ನಾನು ಮಿಷನ್ ಓಡಿಸ್ತಿದ್ದೆ. ಸೊಂಟದ ಮೇಲೆ ಕೈ ಇಟ್ಕೊಂಡು ಬಹಳ ಹೊತ್ತು ನೋಡ್ದ.

"ಇಷ್ಟೇನಾ? ಬರೀ ತಟ್ಟೋದು? ಇದು ನನಗೂ ಹೊಳೀತಿತ್ತು."

"ಹೊಳೀತಿತ್ತು ಕಣಪ್ಪ, ಯಾಕೆ ಹೊಳೀತಿರ್ಲಿಲ್ಲ," ಅಂದೆ. "ಬೇಕಾದ್ರೆ ಒಂದು ಆರ್ಡರ್ ಬರೆಸಿ ಹೋಗು. ನಿನಗೆ ಅಂತ ಕೆಂಪು ಬಣ್ಣ ಹೊಡೆಸಿ ಕೊಡ್ತೀವಿ."