ಹಿಂದಕ್ಕೆ ಹೋದ ಪೆಟ್ಟಿಗೆ

ಅಳಿಯ ಬಚ್ಚಲುಮನೆಯ ತೂಕದ ಯಂತ್ರ ಎತ್ತಿಕೊಂಡು ಅಂಗಳಕ್ಕೆ ಬಂದದ್ದು ನೋಡಿ ಸ್ಟೇರಿಂಗ್ ಸಾಹೇಬರಿಗೆ ಬಾಯಲ್ಲಿದ್ದ ಕಾಫಿ ಕಹಿಯಾಯಿತು. ಹೊಟ್ಟೆ ಬಂದವರು ಹತ್ತಿ ನಿಂತು ತಮ್ಮ ಪಾಡು ನೋಡಿಕೊಳ್ಳುವ ಯಂತ್ರ ಅದು. ಈ ಪುಣ್ಯಾತ್ಮ ಅದನ್ನು ಕ್ಯಾರವಾನಿನ, ಅಂದರೆ ಪ್ರವಾಸಕ್ಕೆಂದು ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯ, ಕೊಂಡಿ ಹಾಕುವ ಮೂತಿಯ ಕೆಳಗೆ ಇಟ್ಟ. ಅದರ ಮೇಲೆ ಒಂದು ಮರದ ತುಂಡು ನಿಲ್ಲಿಸಿದ, ಮೂತಿಯನ್ನು ಹಗೂರಕ್ಕೆ ಮರದ ಮೇಲೆ ಇಳಿಸಿದ, ಆಮೇಲೆ ನೆಲಕ್ಕೆ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಮುಳ್ಳು ಎಲ್ಲಿ ನಿಂತಿದೆ ಅಂತ ಓದತೊಡಗಿದ. ಗಾಡಿ ಓಡಿಸುವ ಗಂಡಸು ಮಾಡುವ ಕೆಲಸವೇ ಇದು?

ಸಾಹೇಬರು ಅಂದರೆ ಯಾವ ಕಚೇರಿಯ ಸಾಹೇಬರೂ ಅಲ್ಲ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಸೀಟಿನಲ್ಲಿ ಕೂತರೆ ಕಂಡಕ್ಟರನ ಜೊತೆಗೂ ಮಾತಾಡುತ್ತಿರಲಿಲ್ಲವೆಂದು ಡಿಪೋದವರು ಗೇಲಿಗೆ ಇಟ್ಟ ಹೆಸರು ಅದು. ಇವರು ಅದನ್ನು ಬಿರುದು ಅಂತ ತಗೊಂಡು ಮೀಸೆ ತಿರುವಿದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ತನ್ನ ಮನೆಗೆ ಕರೆದುಕೊಂಡು ಬಂದಳು. ಬಂದ ಹೊಸದರಲ್ಲಿ ಒಂದು ದಿನ ಕಾರು ಗೇಟಿಗೆ ಉಜ್ಜಿತು, ಅಷ್ಟೇ. ಗೇಟು ಕಟ್ಟಿದವನದೇ ತಪ್ಪು ಅಂತ ಇವರು ಎಷ್ಟು ವಾದಿಸಿದರೂ ಮಗಳು ಕೇಳಲಿಲ್ಲ, ಕೀಲಿ ಕಸಿದುಕೊಂಡು ಕಾರು ಮಾರಿಯೇ ಬಿಟ್ಟಳು. ಅವಳು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸು. ಅವಳು ಒಮ್ಮೆ ಬೇಡ ಅಂದರೆ ಡಾಕ್ಟರುಗಳೇ ಬಾಯಿ ಮುಚ್ಚುತ್ತಾರೆ. ಅಂದಿನಿಂದ ಸಾಹೇಬರ ಕೈಗೆ ಸ್ಟೇರಿಂಗ್ ಸಿಕ್ಕಿಲ್ಲ. ಊಟಕ್ಕೆ ಕೂತಾಗಲೂ ಬಲಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ಒತ್ತುತ್ತಿರುತ್ತದೆ. ಈ ಪ್ರವಾಸದಲ್ಲಿ, ಊರು ದಾಟಿದ ಮೇಲೆ, ಒಂದೇ ಒಂದು ಸಲ ಆ ಸೀಟಿನಲ್ಲಿ ಕೂರಬೇಕು, ಮಗಳೇ ಕೂರಿಸಬೇಕು. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಆದರೆ ಸೀಟು ಇದ್ದದ್ದು ಅಳಿಯನ ಕೈಯಲ್ಲಿ. ಅಳಿಯನದು ಕನ್ನಡಕದ ಅಂಗಡಿ. ಗಿರಾಕಿಯ ಮುಖಕ್ಕೆ ಫ್ರೇಮು ಇಟ್ಟು, ಒತ್ತುತ್ತಾ, ಜಾರುತ್ತಾ ಅಂತ ದಿನವಿಡೀ ಕೇಳುವ ಕಸುಬು. ಇಂಥವನು ನಾಲ್ಕೂ ಚಕ್ರ ಎಳೆಯುವ, ಲಾರಿಯಷ್ಟು ಎತ್ತರದ ಗಾಡಿ ಕೊಂಡಿದ್ದಾನೆ. ಯಾಕಪ್ಪಾ ಅಂದರೆ ಅಂಗಡಿಗೆ ಹೋಗಿ ಬರೋಕೆ! ಈಗ ಅದರ ಬಾಲಕ್ಕೆ ಈ ಕ್ಯಾರವಾನು ಬೇರೆ, ಸೋಪಿನ ಡಬ್ಬಿಗೆ ಚಕ್ರ ಹಾಕಿದ ಹಾಗೆ. “ಮೂಗಿನ ಮೇಲೆ ಫ್ರೇಮು ಕೂರಿಸೋ ಕೈಗೆ ಸ್ಟೇರಿಂಗ್ ಯಾಕಮ್ಮಾ” ಅಂತ ಸಾಹೇಬರು ಅಡುಗೆಮನೆಯಲ್ಲಿ ಮಗಳ ಹತ್ತಿರ ಆಡಿಕೊಂಡಿದ್ದರು. ಮೊದಲ ಸಲ ಅವಳು ಸುಮ್ಮನಿರಪ್ಪ ಅಂದಳು. ಎರಡನೆಯ ಸಲ ನಕ್ಕಳು. ಈಚೆಗೆ ಅವರು ಹೇಳುವ ಮೊದಲೇ ಅವಳೇ ಹೇಳತೊಡಗಿದ್ದಳು. ಅದರಿಂದ ಸಾಹೇಬರಿಗೆ ಊಟ ಸ್ವಲ್ಪ ಹೆಚ್ಚೇ ಸೇರುತ್ತಿತ್ತು.

ತೂಕದ ಮುಳ್ಳು ಅಳಿಯನಿಗೆ ಬೇಕಾದಲ್ಲಿ ನಿಲ್ಲಲಿಲ್ಲವಂತೆ. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಸಾಹೇಬರ ಡಿಪೋ ಕಾಲದ ಕಬ್ಬಿಣದ ಸ್ಪ್ಯಾನರ್ ಪೆಟ್ಟಿಗೆ, ಎಲ್ಲವನ್ನೂ ಹೊತ್ತು ತಂದು ಮೂತಿಯ ಹತ್ತಿರದ ಖಾನೆಗೆ ತುಂಬಿದ. ಆಮೇಲೆ ಮುಳ್ಳು ನೋಡಿ ತಲೆಯಾಡಿಸಿ, ಮೂತಿಯನ್ನು ಗಾಡಿಯ ಹಿಂದೆ ಚಾಚಿಕೊಂಡ ಕಬ್ಬಿಣದ ಗುಂಡಿನ ಮೇಲೆ ಕೂರಿಸಿ ಕೊಂಡಿ ಬಿಗಿದ. ಯಾಕೆ ಹೀಗೆ ಅಂತ ಸಾಹೇಬರು ಕೇಳದಿದ್ದರೂ ಹೇಳಿದ. ಮೂತಿ ಗುಂಡನ್ನು ಸಾಕಷ್ಟು ಒತ್ತಿ ಹಿಡಿದಿರಬೇಕಂತೆ. ಮೂತಿ ಹಗುರಾಗಿ ಹಿಂಬದಿ ಭಾರವಾದರೆ ವೇಗದಲ್ಲಿ ಬಾಲ ಅತ್ತಿತ್ತ ಬೀಸುತ್ತದಂತೆ, ಒಮ್ಮೆ ಬೀಸಲು ಶುರುವಾದರೆ ಎಳೆಯುವ ಗಾಡಿಯನ್ನೂ ಮಗುಚುತ್ತದಂತೆ. ನಾಲ್ಕು ಚಕ್ರ ಎಳೆದರೂ ಅದಕ್ಕೆ ಮದ್ದಿಲ್ಲವಂತೆ. ಇದನ್ನೆಲ್ಲ ಯಾವುದೋ ವಿಡಿಯೊದಲ್ಲಿ ನೋಡಿದ್ದನಂತೆ. ವಿಡಿಯೊದಲ್ಲಿ! ಸಾಹೇಬರು ಹೌದೌದು ಅಳಿಯಂದಿರೇ ಅಂದರು. ಅಳಿಯ ಸ್ನಾನಕ್ಕೆ ಹೋದ.

ಸಾಹೇಬರು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಹೊಟ್ಟೆ ಉರಿದುಹೋಯಿತು. ಮೂತಿಯ ಭಾರಕ್ಕೆ ಅಂಥ ಗಾಡಿಯ ಹಿಂಭಾಗ ಒಂದಿಷ್ಟು ಕುಸಿದು, ಮುಂದಿನ ದೀಪಗಳು ಆಕಾಶ ನೋಡುತ್ತಿದ್ದವು. ಭಾರದ ವಿಷಯ ಇವರಿಗೆ ಹೇಳಿಕೊಡುತ್ತಾನಾ? ಕೆಸರಿನ ದಿಣ್ಣೆ ಬಂದಾಗ ಮುಂದಿನ ಸೀಟಿನವರನ್ನೆಲ್ಲ ಎಬ್ಬಿಸಿ, ಎಲ್ಲ ಹಿಂದೆ ಹೋಗ್ರೀ ಅಂತ ಕೂಗಿ, ಹಿಂದಿನ ಚಕ್ರದ ಮೇಲೆ ಜನರನ್ನು ಪೇರಿಸಿ ಬಸ್ಸು ಹತ್ತಿಸಿದವರು ಇವರು. ಹಿಂದೆ ಭಾರ ಬಿದ್ದರೆ ಗಾಡಿ ನೆಲ ಕಚ್ಚುತ್ತದೆ, ಅಷ್ಟೇ ತಾನೆ? ತೋಳು ಮಡಿಸಿದರು. ಕ್ಯಾನು, ಸಿಲಿಂಡರು, ಪೆಟ್ಟಿಗೆ ಒಂದೊಂದಾಗಿ ಕ್ಯಾರವಾನಿನ ತೀರಾ ಹಿಂದಿನ ಖಾನೆಗೆ ಸಾಗಿಸಿದರು. ಸೊಂಟ ಹಿಡಿಯಿತು, ಬಿಡಲಿಲ್ಲ. ಹಗ್ಗ ತಂದು ಪೆಟ್ಟಿಗೆಯನ್ನು ಕಂಬಿಗೆ ಬಿಗಿದು, ಬಸ್ಸಿನ ಟಾಪಿನ ಮೇಲೆ ಲಗೇಜಿಗೆ ಹಾಕುತ್ತಿದ್ದ ತಮ್ಮ ಹಳೆಯ ಗಂಟು ಹಾಕಿದರು. ಎಷ್ಟು ಕುಲುಕಿದರೂ ಜಾರದ, ತಮ್ಮನ್ನು ಬಿಟ್ಟು ಬೇರೆಯವರಿಗೆ ಬಿಚ್ಚಲು ಬಾರದ ಗಂಟು ಅದು. ಹಿಂದೆ ಸರಿದು ನೋಡಿದರೆ ಗಾಡಿಯ ಬೆನ್ನು ನೆಟ್ಟಗಾಗಿತ್ತು. ಖಾನೆಯ ಬಾಗಿಲು ಮುಚ್ಚಿ ಕೈ ಒರೆಸಿಕೊಂಡರು.

ಹೊರಡುವ ಹೊತ್ತಿಗೆ ಅಳಿಯ, ಇನ್ನೊಂದು ಸಲ ಎಲ್ಲ ನೋಡಿಬಿಡ್ತೀನಿ ಅಂದ. ಮಗಳು ಅಪ್ಪನ ಮುಖ ನೋಡಿದಳು, ಅಪ್ಪ ಮಗಳ ಮುಖ ನೋಡಿದರು, ಇಬ್ಬರೂ ನಕ್ಕರು. ಈ ಸಲ ಕ್ಯಾರವಾನಿಗೆ ಕನ್ನಡಕ ಹಾಕಿ ಕರ್ಕೊಂಡು ಹೋಗ್ತೀರಾ ಹೇಗೆ ಅಂತ ಮಗಳು ಚುಚ್ಚಿದಳು. ಅಳಿಯನ ಕಿವಿ ಕೆಂಪಾಯಿತು. ನೋಡುವುದನ್ನು ಬಿಟ್ಟು ಹತ್ತಿ ಕೂತ. ಮಗಳು ಅವನ ಪಕ್ಕ, ಸಾಹೇಬರು ಹಿಂದಿನ ಸೀಟಿನಲ್ಲಿ.

ಊರೊಳಗೆ ಏನೂ ಆಗಲಿಲ್ಲ. ಸಿಗ್ನಲ್ಲು, ಹಾಲಿನ ಬೂತು, ಶಾಲೆಯ ಗೋಡೆ, ಪೆಟ್ರೋಲ್ ಬಂಕು ಎಲ್ಲ ಸಾಲಾಗಿ ಹಿಂದೆ ಹೋದವು. ನೋಡಿದೆಯಾ ಅಂತ ಸಾಹೇಬರು ಒಳಗೊಳಗೇ ಬೀಗಿದರು. ಹೆದ್ದಾರಿಗೆ ಬಿದ್ದ ಮೇಲೆ ಹಿಂದಿನಿಂದ ಯಾರೋ ಗಾಡಿಯನ್ನು ಚೂರು ಎಡಕ್ಕೆ, ಚೂರು ಬಲಕ್ಕೆ ಜಗ್ಗಿದ ಹಾಗಾಯಿತು. ಅಳಿಯ ಕನ್ನಡಿ ನೋಡಿ ವೇಗ ಇಳಿಸಿದ. ಲಾರಿಗಳು ಹಾರ್ನ್ ಹೊಡೆಯುತ್ತ ದಾಟಿ ಹೋದವು. ಒಂದು ಟ್ರ್ಯಾಕ್ಟರು ದಾಟಿದಾಗ ಸಾಹೇಬರಿಗೆ ತಡೆದುಕೊಳ್ಳಲಾಗಲಿಲ್ಲ, ಗಂಟಲು ಸರಿಮಾಡಿಕೊಂಡರು. ಅಷ್ಟೇ ಸಾಕಾಯಿತು. ಹೀಗೆ ಹೋದರೆ ನಾವು ತಲುಪೋ ಹೊತ್ತಿಗೆ ರಜೆ ಮುಗಿದಿರುತ್ತೆ ಅಂದಳು ಮಗಳು. ಅಳಿಯ ಹಲ್ಲು ಕಚ್ಚಿ ಕಾಲು ಒತ್ತಿದ.

ಮುಂದೆ ಗುಡ್ಡ ಕಡಿದು ಮಾಡಿದ ಉದ್ದನೆಯ ಇಳಿಜಾರು. ಗುಡ್ಡದ ಮರೆ ಮುಗಿಯುತ್ತಿದ್ದಂತೆ ಅಡ್ಡಗಾಳಿ ಬಡಿಯಿತು. ಅದೇ ಹೊತ್ತಿಗೆ ಒಂದು ಬಸ್ಸು ಪಕ್ಕದಲ್ಲಿ ದಾಟಿತು. ಆಹಾ, ಓಡಿಸೋದು ಅಂದರೆ ಅದು ಅಂತ ಸಾಹೇಬರು ಕತ್ತು ಚಾಚಿ ಆ ಡ್ರೈವರನನ್ನು ನೋಡುತ್ತಿದ್ದರು. ಬಸ್ಸು ಮುಂದೆ ಹೋದದ್ದೇ ತಡ, ಬಾಲ ಬೀಸಿತು. ಎಡಕ್ಕೆ ಬೀಸಿ, ಬಲಕ್ಕೆ ಬೀಸಿ, ಬೀಸಿದಂತೆಲ್ಲ ಇನ್ನಷ್ಟು ದೂರ ಹೋಗಿ ಬರತೊಡಗಿತು. ಗಾಡಿಯ ಹಿಂಭಾಗವನ್ನು ಹಿಡಿದು ಎಳೆದಾಡಿತು. ಕಿಟಕಿಯಲ್ಲಿ ಕ್ಯಾರವಾನಿನ ಬಿಳಿ ಪಕ್ಕೆ ಕಂಡಿತು, ಮಾಯವಾಯಿತು, ಆ ಕಡೆಯ ಕಿಟಕಿಯಲ್ಲಿ ಕಂಡಿತು. ಅಷ್ಟು ವರ್ಷದ ಡ್ರೈವರಿಕೆಯಲ್ಲಿ ಹಿಂದಿನಿಂದ ಯಾವುದೂ ಸಾಹೇಬರನ್ನು ಹೀಗೆ ಅಟ್ಟಿಸಿಕೊಂಡು ಬಂದಿರಲಿಲ್ಲ.

“ಬ್ರೇಕ್ ಹಾಕೋ! ಬ್ರೇಕು!” ಅಳಿಯನಿಗೆ ಕೊಡುವ ಮರ್ಯಾದೆಯೂ ಮರೆತುಹೋಗಿತ್ತು.

ಅಳಿಯ ಬ್ರೇಕು ತುಳಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ಪೂರ್ತಿ ಎತ್ತಿಬಿಟ್ಟ. ಸ್ಟೇರಿಂಗನ್ನು ಅತ್ತಿತ್ತ ತಿರುಗಿಸದೆ ನೇರಕ್ಕೆ ಹಿಡಿದ. ಒಂದು ಕೈ ಕೆಳಗೆ ಹಾಕಿ, ಕ್ಯಾರವಾನಿನ ಚಕ್ರಗಳಿಗೆ ಮಾತ್ರ ಬ್ರೇಕು ಹಾಕುವ ಸಣ್ಣ ಗುಂಡಿಯನ್ನು ಒತ್ತಿಕೊಂಡೇ ಇದ್ದ. ಹಿಂದಿನಿಂದ ಜಗ್ಗಿ ಹಿಡಿದಂತಾಗಿ ಬೀಸು ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ನಿಂತಿತು. ಗಾಡಿಯನ್ನು ರಸ್ತೆಯ ಪಕ್ಕದ ಜಲ್ಲಿಯ ಮೇಲೆ ತಂದು ನಿಲ್ಲಿಸಿ, ಹಣೆಯನ್ನು ಸ್ಟೇರಿಂಗಿಗೆ ಆನಿಸಿ ಕೂತ.

ಮಗಳು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದಿದ್ದ ಕೈ ತೆಗೆದಳು. ಆಮೇಲೆ ಶುರುಮಾಡಿದಳು. ಬೆಳಗಿನಿಂದ ತೂಕ ತೂಕ ಅಂತ ಪ್ರಾಣ ತಿಂದು ಕೊನೆಗೆ ನಮ್ಮನ್ನೇ ಕೊಲ್ಲೋಕೆ ಹೊರಟಿದ್ದೀರಲ್ಲ ಅಂದಳು. “ನಮ್ಮಪ್ಪ ಸುಮ್ಮನೆ ಹೇಳಿದ್ದಲ್ಲ. ಮೂಗಿನ ಮೇಲೆ ಫ್ರೇಮು ಕೂರಿಸೋ ಕೈಗೆ ಸ್ಟೇರಿಂಗ್ ಯಾಕ್ರೀ ನಿಮಗೆ?”

ಆ ಮಾತು ಗಂಡನ ಮುಖಕ್ಕೆ ನೇರವಾಗಿ ಬಿದ್ದದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಅದು ಎಷ್ಟು ರುಚಿಯಾಗಿತ್ತು! ಅಳಿಯ ಇಳಿದು ಹಿಂದಕ್ಕೆ ನಡೆದ. ಸಾಹೇಬರೂ ಇಳಿದರು. ಬೇಡ ಅನ್ನಿಸಿದರೂ ಕಾಲು ಅವನ ಹಿಂದೆಯೇ ಹೋಯಿತು.

ಅಳಿಯ ಹಿಂದಿನ ಖಾನೆಯ ಬಾಗಿಲು ತೆರೆದ. ಕ್ಯಾನುಗಳು, ಸಿಲಿಂಡರು, ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಗೆ ಬಿಗಿದ ಹಗ್ಗ, ಹಗ್ಗಕ್ಕೆ ಹಾಕಿದ ಗಂಟು. ಆ ಗಂಟನ್ನು ನೋಡುತ್ತ ನಿಂತ. ಈಗ ಬೈಯುತ್ತಾನೆ ಅಂತ ಸಾಹೇಬರು ಕಾದರು. ಬೈಯಲಿ, ಬೈದರೆ ಇವರ ಹತ್ತಿರವೂ ಮಾತಿದೆ, ಬಸ್ಸಿನ ಕಥೆಯಿದೆ, ಕೆಸರಿನ ದಿಣ್ಣೆಯಿದೆ. ಅಳಿಯ ಹಗ್ಗವನ್ನು ಎಳೆದ, ತಿರುವಿದ, ಉಗುರು ಹಾಕಿ ಕೆದಕಿದ. ಬರಲಿಲ್ಲ.

“ಇದನ್ನ ಹೇಗೆ ಬಿಚ್ಚೋದು, ಮಾವ?”

ಅಷ್ಟೇ ಕೇಳಿದ. ದನಿಯಲ್ಲಿ ಕೊಂಕಿರಲಿಲ್ಲ. ಸಾಹೇಬರು ಮುಂದೆ ಬಂದು ಒಂದೇ ಎಳೆತಕ್ಕೆ ಬಿಚ್ಚಿದರು. ಇಬ್ಬರೂ ಸೇರಿ ಒಂದೊಂದೇ ಸಾಮಾನನ್ನು ಮೂತಿಯ ಖಾನೆಗೆ ಹೊತ್ತರು. ಮಗಳು ಬಂದು, ಇದೆಲ್ಲ ಹಿಂದೆ ಯಾಕಿತ್ತು ಅಂತ ಕೇಳಿದಳು. ಸಾಹೇಬರು ಬಾಯಿ ತೆರೆದರು. ಅಷ್ಟರಲ್ಲಿ ಅಳಿಯ, ಬೆಳಿಗ್ಗೆ ಅವಸರದಲ್ಲಿ ನಾನೇ ಹಿಂದೆ ಇಟ್ಟುಬಿಟ್ಟೆ ಅಂದ.

ಥೂ ಇವನ, ಜಗಳ ಆಡೋಕೂ ಬರಲ್ಲವಲ್ಲ ಅಂತ ಸಾಹೇಬರು ತಮ್ಮ ತಿರಸ್ಕಾರವನ್ನು ಮತ್ತೆ ಎಬ್ಬಿಸಿ ನೋಡಿದರು. ಅದು ಏಳಲಿಲ್ಲ.

ಮಗಳು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವನ ಕೈಯಿಂದ ಕೀಲಿ ಕಿತ್ತುಕೊಂಡು ಅಪ್ಪನ ಅಂಗೈಯಲ್ಲಿಟ್ಟಳು. ಇನ್ನು ಮುಂದೆ ನೀನೇ ಓಡಿಸಪ್ಪ, ಇವರನ್ನು ನಂಬಿದರೆ ಆಗಲ್ಲ ಅಂದಳು. ಗಂಡನಿಗೆ ಹಿಂದಿನ ಸೀಟು ತೋರಿಸಿದಳು. ಅವನು ಹೋಗಿ ಕೂತ.

ಸಾಹೇಬರು ಸೀಟನ್ನು ತಮ್ಮ ಕಾಲಿಗೆ ಹೊಂದಿಸಿಕೊಂಡರು, ಕನ್ನಡಿ ತಿರುಗಿಸಿದರು. ಕನ್ನಡಿಯಲ್ಲಿ ಅಳಿಯ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತ ಕೂತಿದ್ದ. ಕೀಲಿ ತಿರುಗಿಸಿದರು. ಗಾಡಿಯ ಬೆನ್ನು ಚೂರು ಕುಸಿದಿತ್ತು, ದೀಪಗಳು ಆಕಾಶ ನೋಡುತ್ತಿದ್ದಿರಬೇಕು. ರಸ್ತೆಗೆ ಬಂದರು. ವೇಗ ಏರಿಸಿದರು. ಗಾಳಿ ಬಡಿಯಿತು, ಲಾರಿ ದಾಟಿತು, ಇನ್ನೊಂದು ಬಸ್ಸೂ ದಾಟಿತು. ಕ್ಯಾರವಾನು ಗೆರೆ ಎಳೆದ ಹಾಗೆ ಹಿಂದೆ ಬಂತು. ಮಗಳು ಸೀಟಿಗೆ ತಲೆಯಾನಿಸಿ ಉಸಿರು ಬಿಟ್ಟಳು.

“ನೋಡಿದ್ರಾ? ಓಡಿಸೋದು ಅಂದ್ರೆ ಇದು” ಅಂತ ಹಿಂದಕ್ಕೆ ತಿರುಗಿ ಹೇಳಿದಳು.

ಇದೇ ಮಾತು, ಇದೇ ಸೀಟು, ಇವಳದೇ ಬಾಯಿ. ವರ್ಷದಿಂದ ಕನಸಿನಲ್ಲಿ ಕೇಳಿಸಿಕೊಂಡದ್ದು. ಸಾಹೇಬರಿಗೆ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಯಿತು. ಅವಳು ಅಲ್ಲಿಗೆ ಬಿಡಲಿಲ್ಲ. ಈ ಗಾಡಿ ಮಾರಿಬಿಡೋಣ, ಇವರಿಗೆ ಸ್ಕೂಟರೇ ಸಾಕು ಅಂದಳು. ಅಂಗಡಿಯಲ್ಲೂ ಇವರು ಏನು ಎಡವಟ್ಟು ಮಾಡುತ್ತಾರೋ ಅಂದಳು. ಹೇಳುತ್ತ ನಗುತ್ತಿದ್ದಳು. ಆ ನಗು ಯಾರದು ಅಂತ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು, ಬಾಯಿಯ ಒಂದೇ ಮೂಲೆ ಮೇಲಕ್ಕೇರುತ್ತಿತ್ತು. ಇವರೂ ಹಾಗೇ ನಗುತ್ತಾರೆ.

“ಪೆಟ್ಟಿಗೆ ಹಿಂದೆ ಇಟ್ಟವನು ನಾನು ಕಣಮ್ಮ.”

ಮಗಳು ಅಪ್ಪನ ಕಡೆ ತಿರುಗಿದಳು. ಆಮೇಲೆ ಅವಳ ಕಣ್ಣು ತುಂಬಿಬಂತು. ಅಪ್ಪನ ಭುಜದ ಮೇಲೆ ಕೈ ಇಟ್ಟಳು.

“ಅವರ ಮಾನ ಉಳಿಸೋಕೆ ನೀನ್ಯಾಕಪ್ಪ ಸುಳ್ಳು ಹೇಳ್ತೀಯಾ? ನೀನು ಇಂಥ ತಪ್ಪು ಮಾಡೋನಾ?”

ನಿಜವಮ್ಮ, ನಾನೇ, ಸಿಲಿಂಡರೂ ನಾನೇ, ಹಗ್ಗವೂ ನನ್ನದೇ, ಗಂಟು ನೋಡಿದ್ದರೆ ನಿನಗೇ ಗೊತ್ತಾಗುತ್ತಿತ್ತು ಅಂತ ಸಾಹೇಬರು ಒಂದೇ ಉಸಿರಿಗೆ ಹೇಳಿದರು. ಹೇಳಿದಷ್ಟೂ ಅವಳ ಕಣ್ಣಲ್ಲಿ ಇವರು ದೊಡ್ಡವರಾಗುತ್ತ ಹೋದರು. ಸಾಕು ಬಿಡಪ್ಪ ಅಂದಳು. ಮತ್ತೆ ಹಿಂದಕ್ಕೆ ತಿರುಗಿದಳು.

“ನೋಡಿ ಕಲೀರಿ. ಮನುಷ್ಯ ಅಂದ್ರೆ ಹೀಗಿರಬೇಕು.”

ಸಾಹೇಬರು ಕನ್ನಡಿ ನೋಡಿದರು. ಅಳಿಯ ಇವರನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನೂ ನೋಡುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು, ಇಬ್ಬರ ನಡುವಿನಿಂದ ರಸ್ತೆ ನೋಡುತ್ತಿದ್ದ.

“ಇಳಿಜಾರು ಬಂತು ಮಾವ” ಅಂದ. “ಕಾಲು ತೆಗೀರಿ.”

ಸಾಹೇಬರು ಕಾಲು ತೆಗೆದರು.