ಶಾಲೆಯ ಬಾಗಿಲಿಗೆ ಬಸ್ಸು

ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡವನನ್ನು ಏನು ಮಾಡುವುದು? ಸಾರಿಗೆ ಕಚೇರಿಯವರು ಬುದ್ಧಿವಂತರು. ಕುರ್ಚಿಯಲ್ಲಿ ಕೂರಿಸಿ ಕೈಗೊಂದು ಕೆಂಪು ಪೆನ್ಸಿಲು ಕೊಟ್ಟರು. ಹೀಗೆ ನಮ್ಮ ಡ್ರೈವರಣ್ಣ ಡಿಪೋ ಬಿಟ್ಟು ಎರಡನೇ ಮಹಡಿಯ ಪ್ಲಾನಿಂಗ್ ರೂಮಿಗೆ ಏರಿದ. ಸುಮ್ಮನೆ ಏರಲಿಲ್ಲ, ಮೆಟ್ಟಿಲಿಗೊಂದು "ಅಯ್ಯೋ ಅಮ್ಮಾ" ಹೇಳಿಕೊಂಡು ಏರಿದ.

ಹಿಂದೆ ಇಟ್ಟಿಗೆ ಗೂಡುಗಳಿದ್ದ ಗುಡ್ಡದ ಮೇಲೆ ಈಗ ಹೊಸ ಬಡಾವಣೆ ಎದ್ದಿತ್ತು. ಇವತ್ತು ಪಾಯ ತೋಡಿದರೆ ನಾಳಿದ್ದು ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿತ್ತು. ಎರಡು ಸಾವಿರ ಮನೆ, ಒಂದು ಆಸ್ಪತ್ರೆ, ಒಂದು ಶಾಲೆ. ಬಸ್ಸು ಮಾತ್ರ ಅತ್ತ ತಲೆ ಹಾಕಿರಲಿಲ್ಲ. ಅಲ್ಲಿಗೆ ರೂಟು ಹಾಕುವುದೇ ಡ್ರೈವರಣ್ಣನ ಮೊದಲ ಕೆಲಸ.

ಅದೇ ಶಾಲೆಯಲ್ಲಿ ಅವನ ಹೆಂಡತಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಐವತ್ತೊಂದನೇ ವಯಸ್ಸಿಗೆ, ಜೀವಮಾನದ ಮೊದಲ ಕೆಲಸ! ಆದರೆ ಹೆಡ್‌ಮಿಸ್ಸು ಕಟ್ಟುನಿಟ್ಟಿನ ಹೆಂಗಸು. ಎಂಟೂವರೆಗೆ ಗಂಟೆ ಹೊಡೆಯುವ ಮೊದಲು ತರಗತಿಯಲ್ಲಿರಬೇಕು, ಮೊದಲ ತಿಂಗಳು ಒಂದು ದಿನ ತಡವಾದರೂ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

"ಬಸ್ಸೇ ಇಲ್ವಲ್ರೀ, ಹೆಂಗೆ ಒಪ್ಕೊಳ್ಳಿ?" ಎಂದಳು ಹೆಂಡತಿ.

"ರೂಟು ಹಾಕೋನು ಯಾರು? ನಾನು! ಶಾಲೆ ಬಾಗಿಲಿಗೇ ತಂದು ನಿಲ್ಲಿಸ್ತೀನಿ, ಸುಮ್ನೆ ಒಪ್ಕೊ."

ಅವಳು ನಂಬಿದಳು, ಒಪ್ಪಿಕೊಂಡಳು. ಹೊಸ ಕತ್ತರಿಯನ್ನೂ ಕೊಂಡಳು.

ಡ್ರೈವರಣ್ಣ ಮೂರೇ ದಿನದಲ್ಲಿ ರೂಟು ಗೀಚಿದ. ಗುಡ್ಡದ ಬುಡ ಸುತ್ತುವ ಅಗಲವಾದ ರಸ್ತೆ, ಅದರ ತುದಿಗೆ ದೊಡ್ಡ ವೃತ್ತ. ಅಹಾ, ಎಂಥಾ ವೃತ್ತ! ಸ್ಟೇರಿಂಗನ್ನು ಒಂದೇ ಕೈಯಲ್ಲಿ ತಿರುಗಿಸಬಹುದು. ಕೊನೆಯ ಸ್ಟಾಪು ಅಲ್ಲೇ. ನಕಾಶೆಯಲ್ಲಿ ಅಲ್ಲಿಂದ ಶಾಲೆಗೆ ಎರಡು ಬೆರಳು ದೂರ. ನಕಾಶೆಯಲ್ಲಿ ಗುಡ್ಡ ಎಲ್ಲಿ ಕಾಣುತ್ತದೆ?

ಅವನನ್ನು ಬೈದು ಪ್ರಯೋಜನವಿಲ್ಲ. ಇಷ್ಟು ವರ್ಷ ಅವನು ಸ್ಟಾಪುಗಳನ್ನು ನೋಡಿದ್ದು ಸೀಟಿನ ಮೇಲಿಂದ. ಡಿಪೋಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ. ಊರಿಗೆ ಹೋದರೂ ಯಾವನೋ ಸ್ನೇಹಿತನ ಕ್ಯಾಬಿನ್ನಿನಲ್ಲಿ ಹರಟುತ್ತಾ ಹೋಗುವವನು. ಬಸ್ಸಿಗೆ ಕಾದು ನಿಂತವನೇ ಅಲ್ಲ. ಹಾಗಾಗಿ ಬಸ್ಸಿಗೆ ಎಲ್ಲಿ ಆರಾಮವೋ ಅಲ್ಲಿ ಸ್ಟಾಪು ಹಾಕಿದ್ದ. ಮೇಲಧಿಕಾರಿ ಇಂಜಿನಿಯರಮ್ಮ, ಅವನ ಮಗಳ ವಯಸ್ಸಿನವಳು, "ಭೇಷ್ ಡ್ರೈವರಣ್ಣ! ಮೊದಲ ಪ್ಲಾನಿಗೇ ಒಂದು ತಪ್ಪೂ ಇಲ್ಲ" ಎಂದು ಎಲ್ಲರೆದುರು ಹೊಗಳಿದಳು. ಅವತ್ತು ಮೆಟ್ಟಿಲಿಳಿಯುವಾಗ ಅವನಿಗೆ ಮಂಡಿ ನೋಯಲೇ ಇಲ್ಲ.

ಭಾನುವಾರ ಹೆಂಡತಿ ಚೀಲ ಹಿಡಿದು ಹೊರಟು ನಿಂತಳು. "ನಡೀರಿ, ಒಂದ್ಸಲ ಹೋಗ್ಬಂದು ನೋಡೋಣ. ಎಷ್ಟು ಹೊತ್ತಾಗತ್ತೆ ಅಂತ ಗೊತ್ತಾಗ್ಲಿ."

ಮನೆಯ ಹತ್ತಿರದ ಸ್ಟಾಪಿನಲ್ಲಿ ನಿಂತರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕೂರಲು ಕಲ್ಲಿಲ್ಲ, ನೆರಳಿಲ್ಲ. ಡ್ರೈವರಣ್ಣನ ತಾಳ್ಮೆ ಕಿತ್ತುಹೋಯಿತು.

"ಎಲ್ಲಿ ಹಾಳಾಗ್ಹೋದ ಈ ಡ್ರೈವರು? ಜನ ಅಂದ್ರೆ ಏನಂದ್ಕೊಂಡಿದಾನೆ!"

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಮೆಲ್ಲಗೆ ಅನ್ರೀ. ನಿಮ್ಮನ್ನೂ ಇಷ್ಟು ವರ್ಷ ಹಿಂಗೇ ಅಂದಿರ್ತಾರೆ."

ಅವನು ಕತ್ತು ಚಾಚಿ ರಸ್ತೆ ನೋಡತೊಡಗಿದ.

ಕೊನೆಗೂ ಬಸ್ಸು ಬಂತು. ಹಳೇ ರೂಟಿನ ಕೊನೆಯಲ್ಲಿ ಇಳಿದು, ವೃತ್ತದವರೆಗೆ ನಡೆದರು. "ಇದೇ ನೋಡು ನನ್ನ ಸ್ಟಾಪು" ಎಂದು ಹೆಮ್ಮೆಯಿಂದ ತೋರಿಸಿದ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗಳೆಲ್ಲಾ ಮೇಲೆ. ಅಲ್ಲಿಂದ ಶುರುವಾಯಿತು ಏರು. ಎರಡು ಬೆರಳು ದೂರ ಮುಗಿಯುವ ಮಾತೇ ಇಲ್ಲ! ಅರ್ಧ ದಾರಿ ದಾಟಿದ ಮೇಲೆ ಐದು ಓಣಿಗಳು ಕೂಡುವ ತಿರುವಿನಲ್ಲಿ ಒಬ್ಬ ಅಜ್ಜಿ ಗೋಡೆ ಹಿಡಿದು ನಿಂತಿದ್ದಳು. ಆಸ್ಪತ್ರೆಗೆ ಹೋಗಿ ಬಂದವಳು. "ನಾಲ್ಕು ಕಡೆ ಕೂತು ಹತ್ತಬೇಕಮ್ಮಾ. ಬಸ್ಸು ಬರತ್ತಂತೆ, ಅದೂ ಕೆಳಗೇ ಅಂತೆ. ಯಾವ ಪುಣ್ಯಾತ್ಮ ಹಾಕಿದ್ನೋ!" ಎಂದಳು. ಪುಣ್ಯಾತ್ಮ ಬೇರೆ ಕಡೆ ನೋಡಿದ.

ಶಾಲೆ ಮುಟ್ಟಿದಾಗ ವೃತ್ತದಿಂದ ಇಪ್ಪತ್ತೆರಡು ನಿಮಿಷವಾಗಿತ್ತು. ಅವನ ಪ್ಲಾನಿನಲ್ಲಿ ಮೊದಲ ಬಸ್ಸು ವೃತ್ತಕ್ಕೆ ಬರುವುದೇ ಎಂಟೂ ಕಾಲಿಗೆ. ಲೆಕ್ಕ ಇಬ್ಬರಿಗೂ ತಿಳಿಯಿತು. ಹೆಂಡತಿ ಜಗಳ ತೆಗೆಯಲಿಲ್ಲ. ಮುಚ್ಚಿದ ಗೇಟಿನ ಸರಳು ಹಿಡಿದು ಒಳಗೆ ಇಣುಕಿದಳು. "ಹೋಗ್ಲಿ ಬಿಡಿ. ಆಗಲ್ಲ ಅಂತ ಹೇಳ್ಬಿಡ್ತೀನಿ" ಎಂದಳು. ಬೈದಿದ್ದರೆ ಅವನು ತಿರುಗಿ ಬೈದು ಹಗುರಾಗುತ್ತಿದ್ದ. ಈ ಮಾತು ಕರುಳಿಗೇ ನಾಟಿತು.

ಸೋಮವಾರ ಇಂಜಿನಿಯರಮ್ಮನ ಮುಂದೆ ನಿಂತ. "ಮೇಡಂ, ನನ್ನ ಪ್ಲಾನು ತಪ್ಪು. ಹರಿದು ಹಾಕಿ."

"ಏನ್ರೀ ಇದು? ಇವತ್ತು ಸಹಿ ಆಗೋದಿತ್ತು!"

"ಆ ಸ್ಟಾಪು ಬಸ್ಸಿಗೆ ಚೆನ್ನಾಗಿದೆ, ಜನಕ್ಕಲ್ಲ. ನನ್ನ ಹೆಂಡ್ತೀನೂ ಅಲ್ಲಿಗೇ ಕೆಲಸಕ್ಕೆ ಹೋಗ್ಬೇಕು, ಅದನ್ನ ಮುಚ್ಚಿಡಲ್ಲ. ಆದ್ರೆ ಅವಳೊಬ್ಬಳ ಮಾತಲ್ಲ ಇದು. ಬಸ್ಸು ಮೇಲೆ ಹತ್ತಬೇಕು. ಶಾಲೆ ಓಣೀಲಿ ಹತ್ತಿ ಆಸ್ಪತ್ರೆ ಓಣೀಲಿ ಇಳೀಬಹುದು."

ಪಕ್ಕದಲ್ಲೇ ಕೂತಿದ್ದ ಡಿಪೋ ಮ್ಯಾನೇಜರು ನಕ್ಕೇಬಿಟ್ಟ. ಆ ಓಣಿಯಲ್ಲಿ ಬಸ್ಸು ತಿರುಗುವುದೇ? ಅದಕ್ಕೆ ಇಂಜಿನಿಯರಮ್ಮ, "ಶನಿವಾರ ನೀವೇ ಓಡಿಸಿ ತೋರಿಸಿ. ಹತ್ತು ನಿಮಿಷದೊಳಗೆ ಹತ್ತಿ ಇಳೀಬೇಕು, ಒಂದು ಗೋಡೇನೂ ಸವರಬಾರದು. ಹಂಗಾದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ವೃತ್ತವೇ ಗಟ್ಟಿ" ಎಂದಳು.

ಹೂಂ ಎಂದು ಬಂದವನಿಗೆ ಆಮೇಲೆ ಮಂಡಿಯ ನೆನಪಾಯಿತು.

ಶನಿವಾರ ಇಡೀ ಬಡಾವಣೆ ಬೀದಿಯಲ್ಲಿತ್ತು. ಸ್ಕೂಟರು ಒಳಗೆ, ಹೂಕುಂಡ ಒಳಗೆ, ಓಣಿಯಲ್ಲಿ ಸದಾ ಮಲಗಿರುತ್ತಿದ್ದ ನಾಯಿಯೂ ಒಳಗೆ. ಖಾಲಿ ಬಸ್ಸು, ಹಿಂದಿನ ಸೀಟಿನಲ್ಲಿ ಗಡಿಯಾರ ಹಿಡಿದ ಇಂಜಿನಿಯರಮ್ಮ. ಡ್ರೈವರಣ್ಣ ಕ್ಲಚ್ಚು ಒತ್ತಿದಾಗೆಲ್ಲಾ ಮಂಡಿಯಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಶಾಲೆಯ ಮೂಲೆಯಲ್ಲಿ ಬಸ್ಸಿನ ಬಾಲಕ್ಕೂ ಕಾಂಪೌಂಡಿಗೂ ನಡುವೆ ಒಂದು ಗೇಣು. ಹಿಂದೆ ತೆಗೆದ, ಮುಂದೆ ಬಿಟ್ಟ, ಮತ್ತೆ ಹಿಂದೆ. ತಿರುಗಿತು! ಆಸ್ಪತ್ರೆಯ ಇಳಿಜಾರು ಅವನಿಗೆ ನೀರು ಕುಡಿದಷ್ಟು ಸುಲಭ.

"ಒಂಬತ್ತು ನಿಮಿಷ, ಐದು ಸೆಕೆಂಡು" ಎಂದಳು ಇಂಜಿನಿಯರಮ್ಮ. ಓಣಿಗಳೆಲ್ಲಾ ಕೇಕೆ ಹಾಕಿದವು. ಮ್ಯಾನೇಜರು ಮಾತ್ರ ಬಸ್ಸಿನ ಸುತ್ತ ಗೀರು ಹುಡುಕುತ್ತಿದ್ದ.

"ಸ್ಟಾಪಿನ ಕಂಬ ಎಲ್ಲಿ ನೆಡೋಣ? ಹತ್ತು ನಿಮಿಷದಲ್ಲಿ ಮೇಲೆ ಒಂದೇ ಕಡೆ ನಿಲ್ಲಿಸೋಕಾಗೋದು" ಎಂದು ಇಂಜಿನಿಯರಮ್ಮ ಕೇಳಿದಾಗ ಅವನು ಶಾಲೆಯ ಗೇಟಿನತ್ತ ಕೈ ಚಾಚಿದ. ಗುಂಪಿನಿಂದ ಹೆಂಡತಿ ಮುಂದೆ ಬಂದಳು.

"ಅಲ್ಲಿ ಬೇಡ. ಐದು ಓಣಿ ಸೇರೋ ತಿರುವಲ್ಲಿ ನೆಡಿ. ಎಲ್ಲಾರಿಗೂ ಅದೇ ಹತ್ರ."

"ಲೇ, ನಿನಗೆ ತಲೆ ಕೆಟ್ಟಿದ್ಯಾ? ಅಲ್ಲಿಂದ ಏಳು ನಿಮಿಷ ನಡೀಬೇಕು! ಬಸ್ಸು ಅಲ್ಲಿಗೆ ಬರೋದೇ ಎಂಟು ಇಪ್ಪತ್ತಕ್ಕೆ. ಮೂರೇ ನಿಮಿಷ ಉಳಿಯೋದು!"

"ಮೂರು ಉಳೀತಲ್ಲ, ಸಾಕು. ನಾನೊಬ್ಳು ಇಳಿಯೋಕೆ ಇಷ್ಟು ದೊಡ್ಡ ಬಸ್ಸೇ?"

ಕಂಬ ತಿರುವಿನಲ್ಲೇ ನಿಂತಿತು.

ಒಂದನೇ ತಾರೀಕು ಡ್ರೈವರಣ್ಣ ರಜೆ ಹಾಕಿ ಹೆಂಡತಿಯ ಜೊತೆ ಬಸ್ಸು ಹತ್ತಿದ. ಮೊದಲ ದಿನ ನೋಡಿ, ಎಲ್ಲರಿಗೂ ಅವತ್ತೇ ಎಲ್ಲಿಗೋ ಹೋಗಬೇಕಿತ್ತು. ಸ್ಟಾಪು ಸ್ಟಾಪಿಗೂ ನೂಕುನುಗ್ಗಲು. ತಿರುವಿಗೆ ಬರುವಷ್ಟರಲ್ಲಿ ಎಂಟು ಇಪ್ಪತ್ನಾಲ್ಕು. ಅವನು ಗಡಿಯಾರವನ್ನೇ ನೋಡುತ್ತಿದ್ದ. ಹೆಂಡತಿ ಗಡಿಯಾರ ನೋಡಲೂ ಇಲ್ಲ. ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಾಪುಗಾಲು ಹಾಕಿಯೇ ಬಿಟ್ಟಳು. ಅವನು ಕುಂಟುತ್ತಾ ಹಿಂದೆ ಹಿಂದೆ. "ಓಡೇ, ಓಡು!" ಎಂದು ಕೂಗಿದ. ಬಾಗಿಲಲ್ಲಿ ನಿಂತ ಹೆಂಗಸರೂ "ಓಡಿ ಟೀಚರ್, ಓಡಿ!" ಎಂದು ದನಿಗೂಡಿಸಿದರು.

ಅವಳು ಗೇಟು ದಾಟಿ ಮೊಗಸಾಲೆಯಲ್ಲಿ ಮರೆಯಾದಳು. ಅವನು ಗೇಟಿಗೆ ಇನ್ನೂ ಹತ್ತು ಹೆಜ್ಜೆ ದೂರವಿರುವಾಗ ಗಂಟೆ ಹೊಡೆಯಿತು. ಅಷ್ಟರೊಳಗೆ ತರಗತಿ ಮುಟ್ಟಿದಳೋ, ಇಲ್ಲವೋ? ಸರಳು ಹಿಡಿದು ಏದುಸಿರು ಬಿಡುತ್ತಾ ಕಿವಿ ಕೊಟ್ಟ. ಗಂಟೆಯ ಗುಂಯ್ ಅಡಗುವ ಮೊದಲೇ, ಮಕ್ಕಳ ಗಲಾಟೆಯ ಮೇಲೆ ಮೂಲೆಯ ಕೋಣೆಯ ಕಿಟಕಿಯಿಂದ ಒಂದು ದನಿ ಎದ್ದು ಬಂತು.

"ಎಲ್ಲಾರೂ ಕೂತ್ಕೊಳ್ಳಿ! ನಾನು ನಿಮ್ಮ ಹೊಲಿಗೆ ಟೀಚರು. ಸದ್ದು ಮಾಡ್ಬಾರ್ದು!"

ಗಲಾಟೆ ಟಪ್ಪನೆ ನಿಂತಿತು. ಡ್ರೈವರಣ್ಣನ ಬೆನ್ನೂ ತಾನಾಗೇ ನೆಟ್ಟಗಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳಿಗೆ ಅಂಥ ದನಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಹೋಗದೆ, ಕಾವಲುಗಾರ ಬಂದು ಯಾರು ಬೇಕಿತ್ತು ಎಂದು ಕೇಳುವವರೆಗೂ ಅಲ್ಲೇ ನಿಂತು ಕೇಳಿಸಿಕೊಂಡ.